ಒಳಮನಸ್ಸನ್ನು ಶಿಲ್ಪ ಮಾಡಿದ ಈ ಕಾಲದ ಶಿಲ್ಪಿ ಯಾರು? ಕಲೆ ಓದದವರಿಗೂ ಅದು ಹತ್ತುತ್ತದಾ?

ಹತ್ತುತ್ತದೆ. ನಾನೂ ಕಲೆ ಓದಿದವನಲ್ಲ. ಒಂದೇ ಹೆಸರು ಹೇಳಿ ಅಂದರೆ ಲೂಯೀಸ್ ಬೂರ್ಜ್ವಾ ಅನ್ನುತ್ತೇನೆ. ಹುಟ್ಟಿದ್ದು ಪ್ಯಾರಿಸ್, 1938ರಿಂದ ಇದ್ದದ್ದು ನ್ಯೂಯಾರ್ಕ್. 2010ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.

ದೋಹಾದಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಕನ್ವೆನ್ಷನ್ ಸೆಂಟರಿನಲ್ಲಿ ಅವರ ‘ಮಾಮನ್’ ನೋಡಿದೆ. ಫ್ರೆಂಚಿನಲ್ಲಿ ಹಾಗಂದರೆ ಅಮ್ಮ. ನೋಡಿದರೆ 30 ಅಡಿ ಎತ್ತರದ ಜೇಡ! ಹೊಟ್ಟೆಯ ಕೆಳಗೆ ನಿಂತು ಕತ್ತೆತ್ತಿದರೆ ಜಾಲರಿಯಂಥ ಚೀಲ, ಅದರೊಳಗೆ ಅಮೃತಶಿಲೆಯ ಬಿಳಿ ಮೊಟ್ಟೆಗಳು. ಅಷ್ಟು ದೊಡ್ಡ ಮೈಯನ್ನು ಹೊತ್ತ ಕಾಲುಗಳ ತುದಿ ಮಾತ್ರ ಸೂಜಿಯ ಹಾಗೆ ಚೂಪು. ಮೊದಲು ಮೈ ಜುಮ್ ಅಂದಿತು. ಆಮೇಲೆ ಯಾಕೋ ಮಳೆಗೆ ಯಾರದೋ ಮನೆಯ ಮಾಡಿನ ಕೆಳಗೆ ನಿಂತ ಹಾಗೆ ಅನಿಸಿತು. ಕತೆ ಗೊತ್ತಾಗಿದ್ದು ಆಮೇಲೆ, ರೂಮಿಗೆ ಬಂದು ಹುಡುಕಿದಾಗ.

ಅವರ ಮನೆಯವರದ್ದು ಹಳೇ ಟ್ಯಾಪೆಸ್ಟ್ರಿ, ಅಂದರೆ ಚಿತ್ರ ನೇಯ್ದ ದೊಡ್ಡ ಗೋಡೆಬಟ್ಟೆಗಳನ್ನು ರಿಪೇರಿ ಮಾಡುವ ಕಸುಬು. ಅಮ್ಮ ಅದನ್ನು ನೋಡಿಕೊಳ್ಳುತ್ತಿದ್ದರು. ಹರಿದ ಬಲೆಯನ್ನು ಗೊಣಗದೆ ಮತ್ತೆ ನೇಯುವ ಜೇಡ ಅಂದರೆ ಆ ಅಮ್ಮನೇ. ಇಂಥ ಬಟ್ಟೆಗಳು ಕೆಳಗಡೆಯೇ ಜಾಸ್ತಿ ಹಾಳಾಗಿರುತ್ತಿದ್ದವು, ಅಲ್ಲಿರುವುದು ಚಿತ್ರದೊಳಗಿನ ಜನರ ಪಾದ ಅಲ್ವಾ, ಹಾಗಾಗಿ ಇಲ್ಲದ ಪಾದಗಳನ್ನು ಬರೆದುಕೊಡುವ ಕೆಲಸ ಈ ಹುಡುಗಿಯ ಪಾಲಿಗೆ ಬಂತು.

ಅಪ್ಪನ ಕತೆ ಬೇರೆ. ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದವಳ ಜೊತೆ ಅದೇ ಮನೆಯಲ್ಲಿ ಸಂಬಂಧ. ಅಮ್ಮ ಗೊತ್ತಿದ್ದೂ ಸುಮ್ಮನಿದ್ದರು. ಊಟದ ಮೇಜಿನಲ್ಲಿ ಅಪ್ಪ ಕೊಚ್ಚಿಕೊಳ್ಳುತ್ತಾ ಕೂತರೆ, ಹುಡುಗಿ ಬ್ರೆಡ್ಡಿನ ಮೆತ್ತನೆ ಭಾಗಕ್ಕೆ ಎಂಜಲು ಹಚ್ಚಿ ನಾದಿ, ಅಪ್ಪನ ಗೊಂಬೆ ಮಾಡಿ, ಚಾಕುವಿನಿಂದ ಕೈಕಾಲು ಒಂದೊಂದಾಗಿ ಕತ್ತರಿಸುತ್ತಿದ್ದಳಂತೆ. ಶಿಲ್ಪದ ದಾರಿ ಮೊದಲು ಸಿಕ್ಕಿದ್ದು ಹಾಗೆ ಅಂತ ಅವರೇ ಹೇಳಿಕೊಂಡಿದ್ದಾರೆ. 1974ರಲ್ಲಿ, 60 ದಾಟಿದ ಮೇಲೆ, ‘ತಂದೆಯ ವಿನಾಶ’ ಮಾಡಿದರು. ಗುಹೆಯಂಥ ಜಾಗ, ಕೆಂಪು ಬೆಳಕು, ನಡುವೆ ಮೇಜೋ ಮಂಚವೋ ತಿಳಿಯದ ಒಂದು ಹಾಸು, ಅದರ ಮೇಲೆ ಮಾಂಸದ ತುಂಡುಗಳ ಅಚ್ಚು. ಮಕ್ಕಳು ಸೇರಿ ಅಪ್ಪನನ್ನು ತಿಂದು ಮುಗಿಸಿದ ಊಟ ಅದು. ಫೋಟೋ ನೋಡಿಯೇ ನನಗೆ ಹೊಟ್ಟೆ ತೊಳಸಿತು.

1951ರಲ್ಲಿ ಅಪ್ಪ ಸತ್ತ ಮೇಲೆ ಅವರು ಮನೋವಿಶ್ಲೇಷಣೆಗೆ, ಅಂದರೆ ಮಾತಾಡುತ್ತಾ ಒಳಮನಸ್ಸನ್ನು ಬಿಡಿಸಿ ನೋಡುವ ಚಿಕಿತ್ಸೆಗೆ ಹೋಗಲು ಶುರು ಮಾಡಿ, 30 ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಿಡಲಿಲ್ಲ. ಹಾಗಿದ್ದೂ ಆ ಚಿಕಿತ್ಸೆಯನ್ನು ಹುಟ್ಟುಹಾಕಿದ ಫ್ರಾಯ್ಡ್‌ನಿಂದ ಕಲಾವಿದರ ಸಂಕಟಕ್ಕೆ ಏನೂ ಉಪಯೋಗವಾಗಲಿಲ್ಲ ಅಂತ ನೇರವಾಗಿ ಬರೆದರು. ಈ ಗಟ್ಟಿತನ ನನಗೆ ತುಂಬಾ ಇಷ್ಟ.

ಅದಕ್ಕೇ ಇದರ ಅರ್ಥ ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೈ ಏನು ಮಾಡಿದೆ ನೋಡಿ: ಕತ್ತರಿಸಿದ್ದೆಷ್ಟು, ಸೇರಿಸಿದ್ದೆಷ್ಟು. 80 ದಾಟಿದ ಮೇಲೆ ಅವರು ತಮ್ಮದೇ ಹಳೇ ಬಟ್ಟೆ, ಮನೆಯ ಟವೆಲ್ಲು ಚಾದರಗಳನ್ನೆಲ್ಲ ತೆಗೆದು ಶಿಲ್ಪ ಹೊಲಿಯಲು ಕೂತರು. ಆಗಿನ ಬಟ್ಟೆಯ ತಲೆಗಳಿವೆ, ಬಾಯಿ ಅರ್ಧ ತೆರೆದಂಥವು. ಜೇಡಕ್ಕಿಂತ ಮೊದಲು ಅವುಗಳ ಫೋಟೋ ಹುಡುಕಿ. ಮುಖದ ಮೇಲಿನ ಹೊಲಿಗೆ ಕಾಣುವಷ್ಟು ಜೂಮ್ ಮಾಡಿ.