ರಾತ್ರಿ ಊಟ ಎಂಟಕ್ಕೆ ಬರಲಿ

ಪ್ರಶ್ನೆ: ನನಗೆ 43 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 112, ಮೂರು ತಿಂಗಳ ಶುಗರ್‌ನ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.0 ಬಂತು. ‘ಬಾರ್ಡರ್‌ನಲ್ಲಿದೆ, ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ’ ಅಂತ ಇಲ್ಲಿನ ಡಾಕ್ಟರ್ ಅಂದರು. ಅನ್ನ ಪೂರ್ತಿ ಬಿಟ್ಟು ಎರಡು ಹೊತ್ತೂ ಮುದ್ದೆ ಉಣ್ಣುತ್ತಿದ್ದೇನೆ. ಆದರೆ ವಾಕಿಂಗ್‌ಗೆ ಒಂದು ಗಂಟೆ ಎಲ್ಲಿಂದ ತರಲಿ? ನೀರು ಹಿಡಿಯಲು ಐದಕ್ಕೇ ಏಳಬೇಕು. ಯಜಮಾನರು ಅಂಗಡಿ ಮುಚ್ಚಿ ಬರುವುದು ಹತ್ತಕ್ಕೆ. ಅವರ ಜೊತೆ ಊಟ ಮಾಡಿ, ಪಾತ್ರೆ ತೊಳೆದು, ಸ್ವಲ್ಪ ಮೊಬೈಲ್ ನೋಡಿ ಮಲಗುವಷ್ಟರಲ್ಲಿ ಹನ್ನೆರಡೂವರೆ. ಆಗಲೂ ನಿದ್ದೆ ಬೇಗ ಹತ್ತುವುದಿಲ್ಲ. ದಿನಕ್ಕೆ ಐದಾರು ಲೋಟ ಟೀ ಆಗುತ್ತದೆ. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ಹೆದರಿಕೆ ಬಿಡಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಇನ್ನೂ ಡಯಾಬಿಟಿಸ್ ಅಲ್ಲ. ಇಲ್ಲಿಂದ ಹಿಂದೆ ಬಂದವರನ್ನು ನನ್ನ ಕ್ಲಿನಿಕ್‌ನಲ್ಲೇ ಬಹಳ ಜನರನ್ನು ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ನನಗೆ ಶುಗರ್‌ಗಿಂತ ಜಾಸ್ತಿ ಚಿಂತೆ ಹತ್ತಿಸಿದ್ದು ನಿದ್ದೆಯ ಲೆಕ್ಕ. ಹನ್ನೆರಡೂವರೆಯಿಂದ ಐದು. ಅಂದರೆ ನಾಲ್ಕೂವರೆ ಗಂಟೆ. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ನಿದ್ದೆ ಕೆಟ್ಟ ಮರುದಿನ ಹಸಿವು ಹೆಚ್ಚುತ್ತದೆ, ಸಿಹಿ ಬೇಕೆನಿಸುತ್ತದೆ, ಮೈಯಲ್ಲಿರುವ ಇನ್ಸುಲಿನ್ ಕೂಡ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೀಗಿರುವಾಗ ಆ ನಿದ್ದೆಯಿಂದಲೇ ಇನ್ನೊಂದು ಗಂಟೆ ಕಿತ್ತು ವಾಕಿಂಗ್‌ಗೆ ಹೋಗಿ ಎಂದು ನಾನು ಖಂಡಿತ ಹೇಳಲಾರೆ.

ನಿಮ್ಮ ವಯಸ್ಸಿನಲ್ಲಿ ನನ್ನ ಕಥೆಯೂ ಇದೇ ಆಗಿತ್ತು. ಸಂಜೆಯ ಕ್ಲಿನಿಕ್ ಮುಗಿಸಿ ಮನೆಗೆ ಬಂದು ಉಣ್ಣುವಾಗ ಹತ್ತೂವರೆ. ಮಲಗಿದರೆ ಹುಳಿತೇಗು, ಬೆಳಿಗ್ಗೆ ಎದ್ದರೆ ತಲೆಭಾರ. ನಮ್ಮತ್ತೆ ಏಳೂವರೆಗೆ ಊಟ ಮುಗಿಸಿ ಒಂಬತ್ತಕ್ಕೆ ಮಲಗುತ್ತಿದ್ದರು. ಒಂದು ದಿನ ಅವರೇ ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿ ಇಟ್ಟು ಕಳಿಸಿದರು. ಎಂಟಕ್ಕೆ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಕ್ಲಿನಿಕ್‌ನಲ್ಲೇ ಉಣ್ಣತೊಡಗಿದೆ. ಎರಡು ವಾರದಲ್ಲಿ ನಿದ್ದೆಯ ರೀತಿಯೇ ಬದಲಾಯಿತು. ಇದನ್ನು ನಾನು ಮರೆತಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ, ನೀವು ಎಂಟಕ್ಕೆ ಊಟ ಮಾಡಿ. ಗಂಡ ಬರುವವರೆಗೂ ಉಣ್ಣದೆ ಕಾಯುವುದನ್ನು ನಮ್ಮ ಮನೆಗಳಲ್ಲಿ ಪ್ರೀತಿ ಎಂದುಕೊಂಡಿದ್ದೇವೆ. ನಿಮ್ಮ ರಿಪೋರ್ಟನ್ನು ಯಜಮಾನರ ಕೈಗೆ ಕೊಟ್ಟು ವಿಷಯ ಹೇಳಿ. ಅವರು ಬಂದಾಗ ಪಕ್ಕದಲ್ಲಿ ಕೂತು ಮಾತಾಡಿ, ಅದು ತಪ್ಪುವುದು ಬೇಡ. ಅವರ ತಟ್ಟೆ ಅವರೇ ತೊಳೆದಿಡಲಿ. ಹತ್ತೂವರೆಗೆ ನೀವು ಹಾಸಿಗೆಯಲ್ಲಿರಬೇಕು. ಮೊಬೈಲ್ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ. ಆಗ ಆರೂವರೆ ಗಂಟೆ ಸಿಗುತ್ತದೆ. ಉಳಿದದ್ದಕ್ಕೆ ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷ ಅಡ್ಡಾಗಿ. ಅದಕ್ಕಿಂತ ಜಾಸ್ತಿ ಮಲಗಿದರೆ ರಾತ್ರಿ ನಿದ್ದೆಗೆ ಕುತ್ತು.

ಇನ್ನು ನಡಿಗೆ. ಒಂದೇ ಸಲ ಒಂದು ಗಂಟೆ ಬೇಕಿಲ್ಲ. ತಿಂಡಿ ಆದ ಮೇಲೆ ಹತ್ತು ನಿಮಿಷ, ಮಧ್ಯಾಹ್ನ ಉಂಡು ಹತ್ತು, ರಾತ್ರಿ ಉಂಡು ಹತ್ತು. ದಿನಕ್ಕೆ ಮೂವತ್ತಾಯಿತು. ಐದು ದಿನಕ್ಕೆ 150. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ ಇಷ್ಟು ಬೇಕು ಎನ್ನುತ್ತದೆ. ಉಂಡ ಕೂಡಲೇ ನಡೆಯುವುದರಲ್ಲಿ ಇನ್ನೊಂದು ಲಾಭವಿದೆ. ಕಾಲಿನ ಸ್ನಾಯುಗಳು ಆಗಷ್ಟೇ ರಕ್ತಕ್ಕೆ ಬಂದ ಸಕ್ಕರೆಯನ್ನು ಎಳೆದುಕೊಂಡು ಉರಿಸುತ್ತವೆ. ತಾರಸಿಯಾದರೂ ಸರಿ, ಮನೆ ಮುಂದಿನ ರಸ್ತೆಯಾದರೂ ಸರಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಚುರುಕಾಗಿ ನಡೆಯಿರಿ.

ದಿನವಿಡೀ ಮೆಷಿನ್ ಮುಂದೆ ಕೂರುತ್ತೀರಿ ಅಲ್ವಾ? ಒಂದು ಬ್ಲೌಸ್ ಮುಗಿದ ಕೂಡಲೇ, ಕೈ ಊರದೆ ಸ್ಟೂಲಿನಿಂದ ಹತ್ತು ಸಲ ಎದ್ದು ಕೂತು ಮಾಡಿ. ತೊಡೆಗೆ ಬಲ ಬರುತ್ತದೆ, ಮಂಡಿಯ ಭಾರವೂ ಇಳಿಯುತ್ತದೆ.

ಮುದ್ದೆಯ ಬಗ್ಗೆ ಒಂದು ಮಾತು. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನಾರಿದೆ, ಒಳ್ಳೆಯದೇ. ಆದರೆ ಅದೂ ಹಿಟ್ಟೇ. ದೊಡ್ಡ ಮುದ್ದೆ ಎರಡು ಉಂಡರೆ ಶುಗರ್ ಏರಿಯೇ ಏರುತ್ತದೆ. ಕಿತ್ತಳೆ ಹಣ್ಣಿನಷ್ಟು ಒಂದು ಸಾಕು. ಜೊತೆಗೆ ಹುರುಳಿಕಾಳು ಅಥವಾ ಅವರೆಕಾಳಿನ ಸಾರು, ತಟ್ಟೆಯ ಅರ್ಧದಷ್ಟು ಸೊಪ್ಪು, ತರಕಾರಿ ಪಲ್ಯ. ಪಲ್ಯವನ್ನು ಮೊದಲು ತಿನ್ನಿ. ಅನ್ನ ಇಷ್ಟವಿದ್ದರೆ ಮುದ್ದೆ ಬಿಟ್ಟು ಒಂದು ಹೊತ್ತು ಚಿಕ್ಕ ಬಟ್ಟಲಿನಷ್ಟು ಉಣ್ಣಿ, ಸುಮ್ನೆ ಮನಸ್ಸಿಗೆ ಬೇಜಾರು ಮಾಡಿಕೊಳ್ಳಬೇಡಿ.

ಟೀ ಎರಡು ಲೋಟಕ್ಕೆ ಇಳಿಯಲಿ. ಕೊನೆಯದು ಮಧ್ಯಾಹ್ನ ಮೂರಕ್ಕೆ. ಕುಡಿದು ಐದು ಗಂಟೆಯಾದರೂ ಅದರ ಕೆಫೀನ್ ಸುಮಾರು ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮಲಗಿದಾಗ ಅಳತೆ, ಹುಕ್ಕು, ನಾಳೆ ಕೊಡಬೇಕಾದ ಬಟ್ಟೆ ತಲೆಯಲ್ಲಿ ಓಡಿದರೆ ನಾಲ್ಕು ಎಣಿಸುತ್ತಾ ಉಸಿರು ಒಳಗೆಳೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಐದು ನಿಮಿಷ ಸಾಕು.

ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ. ಈ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು, ಆ ಕಣಗಳ ಆಯಸ್ಸು ಸುಮಾರು 120 ದಿನ. ಅದಕ್ಕೆ ಮುಂಚೆ ಮಾಡಿಸಿದರೆ ನಿಮ್ಮ ಶ್ರಮ ಪೂರ್ತಿ ಕಾಣಿಸುವುದಿಲ್ಲ. ಫಲಿತಾಂಶ ನನಗೂ ಬರೆದು ತಿಳಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 67 ವರ್ಷ. ಮಗ ಕೊಡಿಸಿದ ವಾಚು ದಿನಕ್ಕೆ 10,000 ಹೆಜ್ಜೆ ಆಗಬೇಕು ಅನ್ನುತ್ತದೆ. 7,000 ದಾಟಿದರೆ ಮಂಡಿ ನೋಯುತ್ತದೆ. ಬಿಡಲೇ, ಮುಂದುವರಿಸಲೇ?
– ಓದುಗರು, ಸಾಗರ

ಉತ್ತರ: ಮೇಷ್ಟ್ರೇ, 7,000ಕ್ಕೇ ನಿಲ್ಲಿಸಿ. ಹತ್ತು ಸಾವಿರ ಅನ್ನುವುದು ವೈದ್ಯರು ಲೆಕ್ಕ ಹಾಕಿ ಕೊಟ್ಟ ಸಂಖ್ಯೆಯಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮೀಟರ್’. ಆ ಸಂಖ್ಯೆ ಅಲ್ಲಿಂದ ಹರಡಿತು. ಅರವತ್ತು ದಾಟಿದವರಿಗೆ 6,000ದಿಂದ 8,000 ಹೆಜ್ಜೆಯೊಳಗೇ ಹೆಚ್ಚಿನ ಲಾಭ ಸಿಕ್ಕಿಬಿಡುತ್ತದೆ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಅದನ್ನೂ ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿಕೊಳ್ಳಿ.

ನಿಮ್ಮ ವಯಸ್ಸಿನಲ್ಲಿ ಬೀಳದಂತೆ ನೋಡಿಕೊಳ್ಳುವುದು ಹೆಜ್ಜೆಯ ಲೆಕ್ಕಕ್ಕಿಂತ ಮುಖ್ಯ. ದಿನಾ ಗೋಡೆ ಹಿಡಿದು ಒಂದೊಂದೇ ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಇಳಿಯಬೇಡಿ, ಜಗಲಿಯಲ್ಲೇ ನಡೆಯಿರಿ. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲೇ ಕೂತುಬಿಡಿ. ಗ್ಯಾಸ್ಟ್ರಿಕ್ ಇರಬೇಕು ಎಂದುಕೊಂಡು ಸೋಡಾ ಕುಡಿಯುತ್ತಾ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.