ಚಾರಣ ಪ್ರಶ್ನೋತ್ತರ: ಗುರುತಿಲ್ಲದ ಬೆಟ್ಟದಲ್ಲಿ ದಾರಿ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಫಲಕವಾಗಲಿ ಬಣ್ಣದ ಗುರುತಾಗಲಿ ಇಲ್ಲದ ಬೆಟ್ಟದ ಕಾಲುದಾರಿಗಳನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಹತ್ತುವಾಗ ಒಮ್ಮೆಯೂ ದಾರಿ ತಪ್ಪದ ನಾವು, ಅದೇ ದಾರಿಯಲ್ಲಿ ಇಳಿಯುವಾಗ ಎರಡು ಸಲ ತಪ್ಪಿದೆವು. ಬೆಳಿಗ್ಗೆ ನಡೆದುಬಂದ ದಾರಿ ಮಧ್ಯಾಹ್ನಕ್ಕೆ ಗುರುತೇ ಸಿಗದಂತಾದದ್ದು ಹೇಗೆ?

ಉತ್ತರ: ಇದಕ್ಕೆ ಕಾರಣ ನಿಮ್ಮ ನೆನಪಿನ ದೋಷಕ್ಕಿಂತ ಹೆಚ್ಚಾಗಿ ಬೆಟ್ಟದ ಆಕಾರದಲ್ಲಿದೆ. ಬೆಟ್ಟದ ಏಣುಗಳು, ಅಂದರೆ ಎರಡು ಕಣಿವೆಗಳ ನಡುವೆ ಬೆನ್ನೆಲುಬಿನಂತೆ ಎದ್ದಿರುವ ದಿಣ್ಣೆಸಾಲುಗಳು, ಮೇಲಕ್ಕೆ ಹೋದಂತೆ ಒಂದರೊಡನೊಂದು ಕೂಡಿಕೊಳ್ಳುತ್ತ ಶಿಖರದಲ್ಲಿ ಸೇರುತ್ತವೆ. ಹಾಗಾಗಿ ಹತ್ತುವವನು ಯಾವ ಏಣನ್ನು ಹಿಡಿದರೂ ಬಹುಮಟ್ಟಿಗೆ ತುದಿ ಮುಟ್ಟುತ್ತಾನೆ. ಇಳಿಯುವವನಿಗೆ ಅದೇ ಏಣುಗಳು ಮರದ ಕೊಂಬೆಗಳಂತೆ ಕವಲೊಡೆಯುತ್ತ ಹೋಗುತ್ತವೆ. ಬೆಟ್ಟದ ಮೈ ಉಬ್ಬಿರುವ ಕಡೆಯಲ್ಲಿ ಇಳಿಜಾರಿನ ಮುಂದಿನ ಭಾಗ ಕಣ್ಣಿಗೆ ಬೀಳದ ಕಾರಣ, ತಾನೊಂದು ಕವಲನ್ನು ದಾಟಿ ಬಂದೆನೆಂಬುದೇ ಅವನಿಗೆ ಅನೇಕ ವೇಳೆ ತಿಳಿಯುವುದಿಲ್ಲ. ಮೇಲೆ ಹತ್ತಿಪ್ಪತ್ತು ಹೆಜ್ಜೆಗಳ ಅಂತರದಲ್ಲಿ ಬೇರೆಯಾದ ಎರಡು ಏಣುಗಳು ಕೆಳಗೆ ಎರಡು ಬೇರೆ ಕಣಿವೆಗಳಲ್ಲಿ, ಹಲವು ಕಿಲೋಮೀಟರ್ ದೂರದಲ್ಲಿ ಕೊನೆಗೊಳ್ಳಬಹುದು.

ಆದ್ದರಿಂದ ಇಳಿಯುವ ದಾರಿಯನ್ನು ಹತ್ತುವಾಗಲೇ ಕಲಿತುಕೊಳ್ಳಬೇಕು. ಪ್ರತಿ ಕವಲಿನಲ್ಲಿ, ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವಲ್ಲಿ, ಹಳ್ಳ ದಾಟಿದ ಕೂಡಲೇ, ಒಮ್ಮೆ ಪೂರ್ತಿ ಹಿಂದಿರುಗಿ ನಿಂತು ನೋಡಿ. ಫೋಟೋ ತೆಗೆಯುವುದಾದರೆ ಮುಂದಿನ ಶಿಖರದ್ದಷ್ಟೇ ಅಲ್ಲ, ಬಂದ ದಾರಿಯದ್ದನ್ನೂ ತೆಗೆಯಿರಿ. ಎಲ್ಲಕ್ಕಿಂತ ಮೋಸದ ಜಾಗವೆಂದರೆ ಕಾಲುದಾರಿ ಪಕ್ಕದ ಇಳಿಜಾರಿನಿಂದ ಬಂದು ಏಣಿನ ಮೇಲೆ ಸೇರುವ ಜಾಗ. ಹತ್ತುವವನಿಗೆ ಅದು ಕೇವಲ ಒಂದು ತಿರುವು. ಇಳಿಯುವಾಗ ಏಣಿನ ಮೇಲಿನ ಅಗಲವಾದ ದಾರಿ ನೇರ ಮುಂದಕ್ಕೆ ಕರೆಯುತ್ತದೆ, ನೀವು ಬಿಟ್ಟಿಳಿಯಬೇಕಾದ ಸಣ್ಣ ದಾರಿ ಹುಲ್ಲಿನ ಮರೆಯಲ್ಲಿರುತ್ತದೆ.

ನಾನೂ ಹೀಗೆಯೇ ಮೋಸಹೋಗಿದ್ದೇನೆ. ಮಾತಿನ ಭರದಲ್ಲಿ ಅಂಥ ತಿರುವನ್ನು ದಾಟಿ ಅರ್ಧ ಗಂಟೆ ಇಳಿದಿದ್ದೆವು. ನೀರು ಕುಡಿಯಲು ನಿಂತಾಗ, ಬಲಗೆನ್ನೆಗೆ ತಾಗಬೇಕಿದ್ದ ಸಂಜೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ದಕ್ಷಿಣಕ್ಕೆ ಇಳಿಯಬೇಕಿದ್ದ ನಾವು ಪಶ್ಚಿಮಕ್ಕೆ ಇಳಿಯುತ್ತಿದ್ದೆವು. ಕಾಲ ಕೆಳಗಿನ ದಾರಿ ಅಷ್ಟು ಹೊತ್ತೂ ಸೊಗಸಾಗಿಯೇ ಇತ್ತು. ಅಂದಿನಿಂದ ನಾನು ಕಾಲ ಕೆಳಗಿನ ದಾರಿಗಿಂತ ಸುತ್ತಲಿನ ನೆಲವನ್ನು ಹೆಚ್ಚು ನಂಬುತ್ತೇನೆ.

ಪ್ರಶ್ನೆ: ಕವಲಿನಲ್ಲಿ ಎರಡು ದಾರಿಗಳೂ ಒಂದೇ ರೀತಿ ಸವೆದಿದ್ದರೆ ಯಾವುದನ್ನು ಹಿಡಿಯಬೇಕು?

ಉತ್ತರ: ಮೊದಲು ಅವೆರಡೂ ಮನುಷ್ಯರ ದಾರಿಗಳೇ ಎಂದು ನೋಡಿ. ಪ್ರಾಣಿಗಳು ಮಾಡಿದ ಜಾಡು ನೆಲಮಟ್ಟದಲ್ಲಿ ಸ್ವಚ್ಛವಾಗಿದ್ದು, ಎದೆಯೆತ್ತರದಲ್ಲಿ ಕೊಂಬೆ ಮುಳ್ಳುಗಳಿಂದ ಮುಚ್ಚಿಕೊಂಡಿರುತ್ತದೆ. ನೀವು ಬಗ್ಗಿ ನುಸುಳುವಂತಾಗಿದ್ದರೆ ಆ ದಾರಿ ನಿಮಗಾಗಿ ಆದದ್ದಲ್ಲವೆಂದೇ ತಿಳಿಯಿರಿ. ಮೇಯುವ ದನಕುರಿಗಳು ಕಡಿದಾದ ಹುಲ್ಲಿನ ಇಳಿಜಾರಿನಲ್ಲಿ ಒಂದರ ಮೇಲೊಂದು ಮೆಟ್ಟಿಲುಗಳಂತೆ ಅಡ್ಡಡ್ಡ ಜಾಡುಗಳನ್ನು ಮಾಡುತ್ತವೆ, ಅವು ಎಲ್ಲಿಗೂ ಹೋಗದೆ ಹುಲ್ಲಿನಲ್ಲಿಯೇ ಕರಗಿಹೋಗುತ್ತವೆ. ಮಳೆನೀರು ಕೊರೆದ ಕಾಲುವೆಯೂ ದಾರಿಯಂತೆಯೇ ಕಾಣುತ್ತದೆ, ಆದರೆ ಅದು ಇಳಿಜಾರಿಗೆ ನೇರವಾಗಿ ಬಿದ್ದಿರುತ್ತದೆ, ತಳದಲ್ಲಿ ಸಡಿಲವಾದ ಜಲ್ಲಿ ಇರುತ್ತದೆ. ಮನುಷ್ಯರು ತಲೆಮಾರುಗಳಿಂದ ನಡೆದ ದಾರಿ ಇಳಿಜಾರನ್ನು ಓರೆಯಾಗಿ, ಹಾವಿನಂತೆ ಸುತ್ತಿಸುತ್ತಿ ಏರುತ್ತದೆ. ಅದರಲ್ಲಿ ಕತ್ತಿ ಬಿದ್ದ ಕೊಂಬೆಯ ಹಳೆಯ ಗಾಯ, ನಯವಾದ ಬೇರು, ಸುತ್ತಲೆಲ್ಲ ಕಲ್ಲುಹೂವು ಹಬ್ಬಿದ್ದರೂ ಹೆಜ್ಜೆ ಊರುವ ಜಾಗದಲ್ಲಿ ಮಾತ್ರ ಬರಿದಾದ ಬಂಡೆ, ಇವು ಸಿಗುತ್ತವೆ.

ಹೆಚ್ಚು ಸವೆದದ್ದೇ ಸರಿಯಾದ ದಾರಿ ಎಂಬ ಲೆಕ್ಕವನ್ನಂತೂ ಬಿಟ್ಟುಬಿಡಿ. ದಾರಿ ಹಠಾತ್ತನೆ ತಿರುಗುವ ಕಡೆ ಗಮನಿಸದವರೆಲ್ಲ ನೇರ ಮುಂದೆ ನಡೆದು, ತಪ್ಪು ಅರಿವಾದ ಮೇಲೆ ಅದೇ ಹೆಜ್ಜೆಯಲ್ಲಿ ವಾಪಸು ಬರುತ್ತಾರೆ. ಹೀಗೆ ತಪ್ಪುದಾರಿ ಒಬ್ಬೊಬ್ಬರಿಂದ ಎರಡೆರಡು ಸಲ ತುಳಿಸಿಕೊಂಡು ಸರಿದಾರಿಗಿಂತ ಢಾಳಾಗಿ ಕಾಣತೊಡಗುತ್ತದೆ. ಕಲ್ಲುಗುಪ್ಪೆಗಳ ವಿಷಯವೂ ಹಾಗೆಯೇ. ಅದನ್ನು ಪೇರಿಸಿಟ್ಟವರಿಗೆ ದಾರಿ ಗೊತ್ತಿತ್ತೆಂಬುದಕ್ಕೆ ಯಾವ ಖಾತರಿಯೂ ಇಲ್ಲ.

ಗುಂಪಿನಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬಂತಾದಾಗ, ಒಂದು ಕವಲನ್ನು ಆರಿಸಿ ಹತ್ತು ನಿಮಿಷದ ಗಡುವು ಹಾಕಿಕೊಂಡು ಎಲ್ಲರೂ ಒಟ್ಟಿಗೆ ನಡೆಯಿರಿ, ನಿರೀಕ್ಷಿಸಿದ್ದು ಕಾಣದಿದ್ದರೆ ಕವಲಿಗೇ ಮರಳಿ. ಇಬ್ಬಿಬ್ಬರಾಗಿ ಹಂಚಿಕೊಂಡು ಹುಡುಕಲು ಹೋಗುವುದು ಬೇಡ.

ಪ್ರಶ್ನೆ: ಫೋನಿನಲ್ಲಿ ನಕ್ಷೆಯೂ ಹಿಂದೆ ಹೋದವರ ಜಾಡೂ ಇರುವಾಗ ಕಾಗದದ ನಕ್ಷೆ ಏಕೆ?

ಉತ್ತರ: ಫೋನಿನ ಜಿಪಿಎಸ್ ಒಳ್ಳೆಯ ಸಾಧನ, ಅದನ್ನು ಹೀಗಳೆಯುವ ಹಿರಿಯರ ಪೈಕಿ ನಾನಲ್ಲ. ಅದು ಕನಿಷ್ಠ 4 ಉಪಗ್ರಹಗಳ ಸಂಕೇತವನ್ನು ಹಿಡಿದು ಸ್ಥಾನವನ್ನು ಲೆಕ್ಕಹಾಕುವುದರಿಂದ ಮೊಬೈಲ್ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು, ಇಲ್ಲವಾದರೆ ಖಾಲಿ ಪರದೆಯ ಮೇಲೆ ಒಂದು ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ತೆರೆದ ಆಕಾಶದ ಕೆಳಗೆ ಸುಮಾರು 5 ಮೀಟರ್‌ನಷ್ಟು ನಿಖರವಾದ ಈ ಚುಕ್ಕೆ, ಕಡಿದಾದ ಬಂಡೆಗೋಡೆಗಳ ನಡುವೆ ಸಂಕೇತಗಳು ಪುಟಿದು ಬರುವುದರಿಂದ ಹಲವು ಹತ್ತು ಮೀಟರ್ ಅತ್ತಿತ್ತ ಸರಿಯಬಹುದು. ಚಳಿಯಲ್ಲಿ ಬ್ಯಾಟರಿ ಬೇಗ ಸೊರಗುತ್ತದೆ, ಆದ್ದರಿಂದ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ಒಳಜೇಬಿನಲ್ಲಿ ಇರಿಸಿಕೊಳ್ಳಿ. ಇನ್ನು ಹಿಂದೆ ಹೋದವರ ಜಾಡು ಅವರು ಎಲ್ಲಿ ನಡೆದರೆಂದು ಹೇಳುತ್ತದೆಯೇ ಹೊರತು ಎಲ್ಲಿ ನಡೆಯಬೇಕಿತ್ತೆಂದು ಹೇಳುವುದಿಲ್ಲ.

ಕಾಗದದ ನಕ್ಷೆಯ ಹೆಚ್ಚುಗಾರಿಕೆ ಇಡೀ ಬೆಟ್ಟವನ್ನು ಒಟ್ಟಿಗೆ ತೋರಿಸುವುದರಲ್ಲಿದೆ. 1:50,000 ಪ್ರಮಾಣದ ನಕ್ಷೆಯಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳು ಒತ್ತಾಗಿದ್ದರೆ ಇಳಿಜಾರು ಕಡಿದು. ಅವುಗಳ ಮೂತಿ ಎತ್ತರದ ಕಡೆಗೆ ಚೂಪಾಗಿದ್ದರೆ ಅದು ಕಣಿವೆ, ತಗ್ಗಿನ ಕಡೆಗೆ ಚಾಚಿದ್ದರೆ ಏಣು. ಒಂದು ಎಚ್ಚರಿಕೆ: ರೇಖೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಇದ್ದಾಗ, 15 ಮೀಟರಿನ ಬಂಡೆಗೋಡೆಯೊಂದು ಎರಡು ರೇಖೆಗಳ ನಡುವೆ ಅಡಗಿ ಕುಳಿತಿರಲು ಸಾಧ್ಯ.

ಪ್ರಶ್ನೆ: ದಾರಿ ತಪ್ಪಿದ್ದೇವೆಂದು ಬೇಗನೆ ತಿಳಿಯುವ ಉಪಾಯವಿದೆಯೇ?

ಉತ್ತರ: ಗಡಿಯಾರ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಲೆಕ್ಕವನ್ನು ಇಂದಿನ ಅಳತೆಗೆ ತಂದರೆ, 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 4 ಕಿಲೋಮೀಟರ್ ದೂರದಲ್ಲಿ 450 ಮೀಟರ್ ಏರಬೇಕಿದ್ದರೆ 48 ನಿಮಿಷಕ್ಕೆ 45 ನಿಮಿಷ ಸೇರಿ ಸುಮಾರು ಒಂದೂವರೆ ಗಂಟೆ. ಭಾರ ಹೊತ್ತವರಿಗೆ, ಕಾಡು ದಟ್ಟವಾಗಿರುವಲ್ಲಿ, ಇದು ಸಾಲದು. ನಿಮ್ಮ ನಡಿಗೆಗೆ ತಕ್ಕಂತೆ ಲೆಕ್ಕವನ್ನು ತಿದ್ದಿಕೊಳ್ಳಿ. ಹೊರಡುವ ಮೊದಲೇ ಮುಂದಿನ ಗುರುತು ಯಾವುದು, ಎಷ್ಟು ಹೊತ್ತಿಗೆ ಬರಬೇಕು, ಮತ್ತು ಯಾವುದು ಕಂಡರೆ ನಾವು ಮಿತಿಮೀರಿ ಬಂದಿದ್ದೇವೆ ಎಂಬ ಮೂರನ್ನೂ ಹೇಳಿಕೊಂಡಿದ್ದರೆ ತಪ್ಪು ಇಪ್ಪತ್ತು ನಿಮಿಷದೊಳಗೆ ಸಿಕ್ಕಿಬೀಳುತ್ತದೆ. ಮುಂದಿಟ್ಟ ಹೆಜ್ಜೆ ಹಿಂದಿಡಬಾರದೆಂಬ ಮಾತು ರಣರಂಗಕ್ಕೆ ಸರಿ, ಬೆಟ್ಟಕ್ಕಲ್ಲ.

ಪ್ರಶ್ನೆ: ಮಂಜು ಕವಿದಾಗ ನೇರವಾಗಿ ಒಂದೇ ದಿಕ್ಕಿಗೆ ನಡೆದರೆ ಎಲ್ಲಿಗಾದರೂ ತಲುಪುವುದಿಲ್ಲವೇ?

ಉತ್ತರ: ನೇರವಾಗಿ ನಡೆಯುತ್ತಿದ್ದೇವೆಂದು ನಮಗೆ ಅನ್ನಿಸುತ್ತದೆ, ಅಷ್ಟೆ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜರ್ಮನಿಯ ಕಾಡಿನಲ್ಲಿ ಮತ್ತು ಟ್ಯುನೀಶಿಯಾದ ಮರುಭೂಮಿಯಲ್ಲಿ ಜನರನ್ನು ನಡೆಸಿ ನೋಡಿದಾಗ, ಸೂರ್ಯನಾಗಲಿ ಚಂದ್ರನಾಗಲಿ ಕಾಣದ ಹೊತ್ತಿನಲ್ಲಿ ಅವರು ಅರಿವಿಲ್ಲದೆಯೇ ಸುತ್ತು ಹೊಡೆದರು. ದಿಕ್ಸೂಚಿ ಬೇಕೇ ಬೇಕು. ದಿಕ್ಸೂಚಿಯ ಮುಳ್ಳು ತೋರಿಸುವ ಕಾಂತೀಯ ಉತ್ತರಕ್ಕೂ ಉತ್ತರ ಧ್ರುವದ ಕಡೆಗಿನ ನಿಜ ಉತ್ತರಕ್ಕೂ ಇರುವ ಕೋನ ಸ್ಥಳದಿಂದ ಸ್ಥಳಕ್ಕೆ ಬದಲಾಗುವುದರಿಂದ ಅದನ್ನು ನೋಡಿಟ್ಟುಕೊಳ್ಳಬೇಕು. ಒಂದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಸುಮಾರು 17 ಮೀಟರ್, ಹತ್ತು ಡಿಗ್ರಿ ತಪ್ಪಿದರೆ 175 ಮೀಟರ್ ಆಚೆ ಹೋಗುತ್ತೀರಿ. ಹಳ್ಳದ ದಡದಲ್ಲಿರುವ ಸೇತುವೆಯನ್ನು ತಲುಪಬೇಕಿದ್ದರೆ ಸೇತುವೆಗೇ ಗುರಿಯಿಡದೆ, ಬೇಕೆಂದೇ ಅದರ ಎಡಕ್ಕೆ ಗುರಿಯಿಟ್ಟು ನಡೆಯಿರಿ: ಹಳ್ಳ ಸಿಕ್ಕಿದ ಕೂಡಲೇ ಬಲಕ್ಕೆ ತಿರುಗಬೇಕೆಂಬುದು ಅನುಮಾನವಿಲ್ಲದೆ ತಿಳಿದಿರುತ್ತದೆ.

ಪ್ರಶ್ನೆ: ಪೂರ್ತಿ ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆಂದು ಹೇಳುತ್ತಾರೆ. ನಿಜವೇ?

ಉತ್ತರ: ಬಯಲಿನಲ್ಲಿ ನಿಜವಿರಬಹುದು. ಬೆಟ್ಟದಲ್ಲಿ ನೀರು ತನಗೆ ಹತ್ತಿರದ ದಾರಿ ಹಿಡಿಯುತ್ತದೆ, ಅದು ಜಲಪಾತವಾದರೂ ಸರಿಯೇ. ಪಾಚಿಗಟ್ಟಿದ ಬಂಡೆಗಳ ಮೇಲೆ ಜಾರುತ್ತ ಇಳಿದವರು ಕೊನೆಗೆ ಮೇಲಕ್ಕೆ ಹತ್ತಲೂ ಆಗದ, ಕೆಳಕ್ಕೆ ಇಳಿಯಲೂ ಆಗದ ಕೊರಕಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ನೀರಿನ ಸದ್ದಿನಲ್ಲಿ ಅವರ ಕೂಗೂ ಕೇಳಿಸುವುದಿಲ್ಲ. ನಿಲ್ಲಿ, ಕುಳಿತುಕೊಳ್ಳಿ, ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದೆಂದು ನೆನಪಿಸಿಕೊಂಡು, ಬೆಳಕಿದ್ದರೆ ಅಲ್ಲಿಗೇ ಹಿಂತಿರುಗಿ. ಬೆಳಕಿಲ್ಲದಿದ್ದರೆ ಗಾಳಿ ತಾಗದ ತಾವು ನೋಡಿ ಇದ್ದಲ್ಲೇ ಇರಿ, ಸೀಟಿ ಊದಿ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಆಲ್ಪ್ಸ್ ಸೀಮೆಯಿಂದ ಬಂದ ಅಪಾಯದ ಸಂಕೇತ. ನಿಮಿಷಕ್ಕೆ ಮೂರು ಸಲ ಮರುಸಂಕೇತ ಬಂದರೆ ನಿಮ್ಮ ಕರೆ ಮುಟ್ಟಿದೆಯೆಂದು ಅರ್ಥ. ಆಮೇಲೂ ಊದುತ್ತಲೇ ಇರಿ, ಹುಡುಕುವವರು ಆ ಸದ್ದನ್ನೇ ಹಿಡಿದು ಬರುತ್ತಿರುತ್ತಾರೆ.