ಎಡ್ವಿನ್ ಡ್ರೂಡ್ ಸತ್ತಿಲ್ಲ ಅಂತ ವಾದಿಸಿ ಊಟ ಕೊಡಿಸಿದವನ ಉತ್ತರ

ಡಿಕನ್ಸ್‌ನ ‘ಎಡ್ವಿನ್ ಡ್ರೂಡ್’ ಕಾದಂಬರಿ ಅವನು ಸತ್ತಿದ್ದರಿಂದ ಅರ್ಧಕ್ಕೇ ನಿಂತಿದೆ, ಕೊಲೆಗಾರ ಯಾರು ಅಂತ ಗೆಳೆಯರ ಜೊತೆ ಪಂದ್ಯ ಕಟ್ಟಬೇಕು, ಬೇರೆಯವರು ಬರೆದ ಮುಂದುವರಿಕೆಗಳಲ್ಲಿ ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಯಾವುದನ್ನೂ ನಂಬಬೇಡಿ. 1873ರಲ್ಲೇ ಅಮೆರಿಕದ ಬ್ರ್ಯಾಟಲ್‌ಬರೋ ಊರಿನ ಒಬ್ಬ, ಡಿಕನ್ಸ್‌ನ ಆತ್ಮವೇ ನನ್ನ ಕೈಯಲ್ಲಿ ಬರೆಸಿತು ಅಂತ ಉಳಿದರ್ಧ ಅಚ್ಚು ಹಾಕಿಸಿದ. ಇಂಥದ್ದರ ಮೇಲೆ ದುಡ್ಡು ಕಟ್ಟುತ್ತೀರಾ?

ನಮ್ಮ ಓದುವ ಗುಂಪಿಗೂ ಇದೇ ಹುಚ್ಚು ಹತ್ತಿತ್ತು. 1914ರ ಜನವರಿಯಲ್ಲಿ ಲಂಡನ್ನಿನ ಡಿಕನ್ಸ್ ಅಭಿಮಾನಿಗಳು ಕಾದಂಬರಿಯ ಜಾನ್ ಜಾಸ್ಪರ್ ಮೇಲೆ ಎಡ್ವಿನ್‌ನನ್ನು ಕೊಂದ ಅಂತ ಅಣಕು ಮೊಕದ್ದಮೆ ನಡೆಸಿದ್ದರು. ಲೇಖಕ ಚೆಸ್ಟರ್‌ಟನ್ ಜಡ್ಜ್, ನಾಟಕಕಾರ ಬರ್ನಾರ್ಡ್ ಶಾ ಜ್ಯೂರಿಯ ಮುಖ್ಯಸ್ಥ. ಜ್ಯೂರಿ ‘ಇದು ಕೊಲೆಯಲ್ಲ, ಬೇಕಂತ ಮಾಡದ ಬರೀ ನರಹತ್ಯೆ’ ಅಂದುಬಿಟ್ಟಿತು. ಚೆಸ್ಟರ್‌ಟನ್ ತನ್ನನ್ನೊಬ್ಬನನ್ನು ಬಿಟ್ಟು ಅಲ್ಲಿದ್ದವರಿಗೆಲ್ಲ ನ್ಯಾಯಾಲಯ ನಿಂದನೆಗೆ ದಂಡ ಹಾಕಿದ! ಅದನ್ನೇ ನಾವು ಒಬ್ಬರ ಮನೆ ಟೆರೇಸಿನಲ್ಲಿ ಮಾಡಿದೆವು. ಸೋತ ವಕೀಲ ಎಲ್ಲರಿಗೂ ಊಟ ಕೊಡಿಸಬೇಕು. ನಾನು ಜಾಸ್ಪರ್ ಪರ ನಿಂತೆ.

ಜಾಸ್ಪರ್ ಚರ್ಚಿನ ಗಾಯಕರ ಮೇಷ್ಟ್ರು, ಅಫೀಮಿನ ದಾಸ. ಅಕ್ಕನ ಮಗ ಎಡ್ವಿನ್ ಮದುವೆಯಾಗಬೇಕಿದ್ದ ರೋಸಾ ಮೇಲೆ ಅವನಿಗೆ ಕಣ್ಣು. ಕ್ರಿಸ್‌ಮಸ್ ಹಿಂದಿನ ರಾತ್ರಿ ಎಡ್ವಿನ್ ನಾಪತ್ತೆ. ನದಿಯಲ್ಲಿ ಗಡಿಯಾರ ಸಿಕ್ಕಿತು, ಹೆಣ ಸಿಗಲಿಲ್ಲ. ಹೆಣವೇ ಇಲ್ಲ ಅಂದಮೇಲೆ ಕೊಲೆ ಎಲ್ಲಿಂದ ಬಂತು? ಅಷ್ಟೇ ನನ್ನ ವಾದ.

ಇನ್ನು ನಾನು ಎಡವಿದ್ದೆಲ್ಲಿ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡ್ಕೋಬೇಡಿ. ಕಾದಂಬರಿ ತಿಂಗಳಿಗೊಂದು ಕಂತಾಗಿ ಅಚ್ಚಾಗುತ್ತಿತ್ತು, ಡಿಕನ್ಸ್ ಪ್ರತಿ ಕಂತು ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಆ ಹಾಳೆಗಳು ಉಳಿದಿವೆ, ಒಳ್ಳೆಯ ಮುದ್ರಣಗಳ ಕೊನೆಯಲ್ಲಿ ಕೊಡುತ್ತಾರೆ. 1869ರ ಆಗಸ್ಟಿನಲ್ಲಿ ಅವನು ಪುಸ್ತಕಕ್ಕೆ ಹೆಸರು ಹುಡುಕುತ್ತಾ ಒಂದು ಪಟ್ಟಿ ಮಾಡಿದ್ದಾನೆ. ಅದರಲ್ಲಿ ‘ಅಡಗಿರುವ ಎಡ್ವಿನ್ ಡ್ರೂಡ್’ ಅನ್ನೋ ಅರ್ಥದ್ದೊಂದು, ‘ಸತ್ತನೋ? ಬದುಕಿದ್ದಾನೋ?’ ಅನ್ನೋದು ಇನ್ನೊಂದು. ನೋಡಿದ್ದೇ ತಡ ಕುಣಿದಾಡಿಬಿಟ್ಟೆ. ಬರೆದವನೇ ‘ಎಡ್ವಿನ್ ಅಡಗಿದ್ದಾನೆ’ ಅಂದಮೇಲೆ ಇನ್ನೇನು ಸಾಕ್ಷಿ ಬೇಕು? ಅಲ್ಲಿಗೇ ಪುಸ್ತಕ ಮಡಚಿಟ್ಟೆ. ಅವು ಅವನೇ ಕೈಬಿಟ್ಟ ಹೆಸರುಗಳು ಅಂತ ಹೊಳೆಯಲಿಲ್ಲ. ಓದುಗರ ದಾರಿ ತಪ್ಪಿಸಲೆಂದೇ ಯೋಚಿಸಿದ್ದ ಹೆಸರುಗಳಿರಬಹುದು ಅಂತಲೂ ಹೊಳೆಯಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮುಂದಿನ ಹಾಳೆಗಳನ್ನು ತಿರುವಿಯೇ ನೋಡಲಿಲ್ಲ.

ಎದುರು ವಕೀಲೆ ತಿರುವಿದ್ದರು. ನಿವೃತ್ತ ಟೀಚರ್, ಮೆಲ್ಲಗೆ ಮಾತಾಡುವವರು. ನಾನು ಹೆಸರುಗಳ ಪಟ್ಟಿ ಓದಿ ಕೂತ ಮೇಲೆ ಅವರು ಎದ್ದು ಹನ್ನೆರಡನೇ ಅಧ್ಯಾಯದ ಟಿಪ್ಪಣಿ ಓದಿದರು. ಕೊಲೆ ಹೇಗಾಯಿತು ಅನ್ನೋದಕ್ಕೆ ಇಲ್ಲಿ ನೆಲ ಹದ ಮಾಡಬೇಕು, ಅದು ಕೊನೆಗೆ ಬಯಲಾಗಬೇಕು ಅನ್ನೋ ಅರ್ಥದ ಸಾಲು. ಡಿಕನ್ಸ್‌ನ ಕೈಬರಹದಲ್ಲೇ ‘ಕೊಲೆ’ ಅಂತ ಇದೆ. ಆಮೇಲೆ ಅದೇ ಅಧ್ಯಾಯ ತೆಗೆದರು. ಕಲ್ಲುಕುಟಿಗ ಡರ್ಡಲ್ಸ್ ಜಾಸ್ಪರ್‌ಗೆ ಸುಣ್ಣದ ರಾಶಿ ತೋರಿಸಿ, ಸ್ವಲ್ಪ ಕೆದಕಿದರೆ ಮೂಳೆಯನ್ನೂ ತಿಂದುಹಾಕುತ್ತೆ ಅನ್ನುತ್ತಾನೆ. ಆಮೇಲೆ ಡರ್ಡಲ್ಸ್ ಕುಡಿದು ಚರ್ಚಿನ ನೆಲಮಾಳಿಗೆಯಲ್ಲಿ ನಿದ್ದೆ ಹೋಗುತ್ತಾನೆ. ಎದ್ದಾಗ ಅದರ ಕೀಲಿಕೈ ನೆಲದ ಮೇಲೆ ಬಿದ್ದಿರುತ್ತೆ, ಅಷ್ಟರಲ್ಲಿ ಅದು ಜಾಸ್ಪರ್ ಕೈಗೆ ಹೋಗಿ ಬಂದಿರಬಹುದು. ನಾನು ಆ ಅಧ್ಯಾಯವನ್ನು ತಮಾಷೆಯ ಪ್ರಸಂಗ ಅಂತ ಓಡಿಸಿಕೊಂಡು ಓದಿದ್ದೆ! ಜ್ಯೂರಿ ಎದ್ದು ಹೋಗಿ ಚರ್ಚಿಸುವ ಗೋಜಿಗೂ ಹೋಗಲಿಲ್ಲ. ಬಿಲ್ಲು ಎಷ್ಟಾಯಿತು ಅಂತ ಮಾತ್ರ ಕೇಳಬೇಡಿ.

ಹಾಗಾಗಿ ‘ಕೊಲೆಗಾರ ಯಾರು’ ಅನ್ನೋ ನಿಮ್ಮ ಪ್ರಶ್ನೆಯೇ ಸಪ್ಪೆ. ಜಾಸ್ಪರ್‌ನೇ. ಸೋದರಮಾವನೇ ಕೊಂದ ಅಂತ ಡಿಕನ್ಸ್ ಗೆಳೆಯ ಫಾರ್‌ಸ್ಟರ್‌ಗೆ ಹೇಳಿದ್ದ. ಸುಣ್ಣ ಅರಗಿಸಲಾಗದ ಚಿನ್ನದ ಉಂಗುರದಿಂದ ಹೆಣದ ಗುರುತು ಸಿಗುತ್ತೆ ಅಂತಲೂ ಹೇಳಿದ್ದ. ಜಾಸ್ಪರ್ ಕೊರಳಿಗೆ ಎರಡು ಸುತ್ತು ಬರುವ ಟೈ ಬೇಕೇ ಬೇಕು, ಅದರಿಂದಲೇ ಎಡ್ವಿನ್‌ನ ಕತ್ತು ಬಿಗಿಯುತ್ತಾನೆ ಅಂತ ಚಿತ್ರ ಬರೆದ ಫಿಲ್ಡ್ಸ್‌ಗೆ ಹೇಳಿದ್ದ. ಇಷ್ಟಾದ ಮೇಲೂ ಓಟು ಹಾಕಿ ಆರಿಸೋ ಆಸೆ ಇದ್ದರೆ 1985ರ ಬ್ರಾಡ್‌ವೇ ನಾಟಕದ ದಾರಿ ಹಿಡಿಯಿರಿ, ಅಲ್ಲಿ ಪ್ರತಿ ಪ್ರದರ್ಶನದಲ್ಲೂ ಪ್ರೇಕ್ಷಕರೇ ಕೊಲೆಗಾರನನ್ನು ಆರಿಸುತ್ತಿದ್ದರು. ಮಜವಾಗಿದೆ, ಆದರೆ ಅದು ಡಿಕನ್ಸ್ ಅಲ್ಲ.

ಪಂದ್ಯ ಕಟ್ಟಲೇಬೇಕು ಅಂದರೆ ಡ್ಯಾಚರಿ ಮೇಲೆ ಕಟ್ಟಿ. ಊರಿಗೆ ಹೊಸದಾಗಿ ಬಂದು ಜಾಸ್ಪರ್‌ನ ಮೇಲೆ ಕಣ್ಣಿಡುವ ಮುದುಕ. ತಲೆಗೂದಲು ಬೆಳ್ಳಗೆ, ಹುಬ್ಬು ಮಾತ್ರ ಕಪ್ಪಗೆ. ವೇಷ ಅನ್ನೋದು ಗ್ಯಾರಂಟಿ. ವೇಷದೊಳಗೆ ಯಾರಿದ್ದಾರೆ ಅನ್ನೋದಕ್ಕೆ ಇವತ್ತಿಗೂ ಒಪ್ಪುವ ಉತ್ತರವಿಲ್ಲ. ಹಲವರು ಕಾದಂಬರಿಯ ಹೆಲೆನಾ ಅನ್ನೋ ಹುಡುಗಿ ಅನ್ನುತ್ತಾರೆ, ಚಿಕ್ಕಂದಿನಲ್ಲಿ ಹುಡುಗನ ವೇಷ ಹಾಕಿ ಮನೆ ಬಿಟ್ಟು ಓಡಿದವಳು ಅವಳು. ನನಗೆ ಅದು ಜಾಸ್ತಿ ಸಲೀಸು ಅನ್ನಿಸುತ್ತೆ. ನನ್ನ ಓಟು ವಕೀಲ ಗ್ರೂಜಿಯಸ್‌ನ ಗುಮಾಸ್ತ ಬಜಾರ್ಡ್‌ಗೆ. ಯಾರೂ ಆಡದ ದುರಂತ ನಾಟಕವೊಂದನ್ನು ಬರೆದಿಟ್ಟುಕೊಂಡವನು, ಡ್ಯಾಚರಿ ಊರಿಗೆ ಬರುವ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ರಜೆ. ಟೀಚರಮ್ಮ ಇದನ್ನೂ ಒಪ್ಪಿಲ್ಲ.